ಬಾವಿ ನೀರು ಉಪ್ಪಾಗುವ ಮೊದಲೇ ಗೊತ್ತು ಮಾಡಿಕೊಳ್ಳಬಹುದಾ?

(ಕರಾವಳಿಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನೀರು ಸಮಿತಿಯವರು, ತೋಟದವರು, ಶಾಲೆಯ ಮೇಷ್ಟ್ರುಗಳ ಮುಂದೆ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೀರಿನ ಸಭೆ ಅಂದ ಕೂಡಲೇ ಜನ ಬಾಟಲಿಯಲ್ಲಿ ಬಾವಿ ನೀರು ತುಂಬಿಸಿಕೊಂಡು ಬರುತ್ತಾರೆ. ಇವತ್ತೂ ಕೆಲವರು ತಂದಿದ್ದೀರಿ. ಉಪ್ಪು ಇದೆಯಾ ನೋಡಿ ಸಾರ್ ಅಂತ ಕೇಳುತ್ತೀರಿ. ನೋಡೋಣ, ಅದೇನು ದೊಡ್ಡ ಕೆಲಸ ಅಲ್ಲ. ಆದರೆ ನಾನು ಮಾತಾಡಬೇಕು ಅಂದುಕೊಂಡು ಬಂದಿದ್ದು ಬಾಟಲಿ ತರದವರ ಬಾವಿ ಬಗ್ಗೆ. ಇವತ್ತು ಚೆನ್ನಾಗಿರುವ ಆ ನೀರು ಇನ್ನೆರಡು ಬೇಸಿಗೆಯಲ್ಲಿ ಉಪ್ಪಾಗುವ ಸಂಭವ ಎಷ್ಟಿದೆ? ಅದನ್ನು ಮೊದಲೇ ಲೆಕ್ಕ ಹಾಕುವ ದಾರಿ ಇದೆ, ಅದರಲ್ಲಿ ಬೇಕಾದ ಮುಖ್ಯ ಅಳತೆಗಳನ್ನು ನೀವೇ ಮಾಡಬಹುದು, ಬೇರೆಯವರಿಗಿಂತ ಚೆನ್ನಾಗಿ ಮಾಡಬಹುದು. ಇದೇ ನನ್ನ ಇವತ್ತಿನ ಮಾತು.

ಮೊದಲೇ ಯಾಕೆ ಲೆಕ್ಕ ಹಾಕಬೇಕು? ಸಮುದ್ರದ ನೀರಿನಲ್ಲಿ ಒಂದು ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ (ಉಪ್ಪಿನ ಮುಖ್ಯ ಅಂಶ) ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಅದು 250 ದಾಟಬಾರದು, ಬೇರೆ ನೀರೇ ಇಲ್ಲ ಅನ್ನುವ ಕಡೆ 1,000ದ ತನಕ ಬಿಡುತ್ತಾರೆ. ಈಗ ಲೆಕ್ಕ ಮಾಡಿ. ನೂರು ಕೊಡಪಾನ ನೀರಿನಲ್ಲಿ ಎರಡೇ ಎರಡು ಕೊಡಪಾನ ಸಮುದ್ರದ ನೀರು ಸೇರಿದರೂ 380 ಆಯಿತು. ಐದು ಸೇರಿದರೆ 950. ಸ್ವಲ್ಪವೇ ಸಾಕು. ಮನೆಯಲ್ಲಿ ಸಾಬೂನು ನೊರೆ ಬರುತ್ತಿಲ್ಲ, ಅಡಿಕೆ ಮರದ ಗರಿ ಅಂಚಿನಿಂದ ಸುಡುತ್ತಾ ಬರುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ಅದು ಒಳಗೆ ಬಂದು ಕೂತಾಗಿರುತ್ತದೆ. ತೆಂಗಿನ ತೋಟ ಮಾತ್ರ ಇರುವವರಿಗೆ ಇನ್ನೂ ತಡವಾಗಿ ಗೊತ್ತಾಗುತ್ತದೆ, ತೆಂಗು ಉಪ್ಪನ್ನು ಚೆನ್ನಾಗಿ ತಡೆದುಕೊಳ್ಳುತ್ತದಲ್ಲ.

ನೆಲದ ಕೆಳಗೆ ಏನು ನಡೆಯುತ್ತದೆ ನೋಡೋಣ. ಮಳೆಯಿಂದ ಇಂಗಿದ ಸಿಹಿನೀರು ಹಗುರ, ಸಮುದ್ರದ ನೀರು ಭಾರ. ಗಾಜಿನ ದೀಪದಲ್ಲಿ ಕೆಳಗೆ ನೀರು, ಮೇಲೆ ಎಣ್ಣೆ ಹಾಕುತ್ತೇವಲ್ಲ, ಹಾಗೆ ಕರಾವಳಿಯ ನೆಲದಡಿ ಉಪ್ಪುನೀರಿನ ಮೇಲೆ ಸಿಹಿನೀರು ಕೂತಿರುತ್ತದೆ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ, ಇವೆರಡು ನಿಧಾನವಾಗಿ ಬೆರೆಯುತ್ತವೆ, ಅಷ್ಟೇ ವ್ಯತ್ಯಾಸ. ಸಿಹಿನೀರು ಎಷ್ಟು ಆಳದ ತನಕ ಇರುತ್ತದೆ ಅನ್ನುವ ಲೆಕ್ಕವನ್ನು ಡಚ್ ಎಂಜಿನಿಯರ್ ಬಾಡನ್ ಗೈಬನ್ 1880ರ ದಶಕದ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮ್ ಹತ್ತಿರದ ಬಾವಿ ಕೆಲಸಕ್ಕಾಗಿ ಹಾಕಿದರು. 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಉತ್ತರ ಸಮುದ್ರದ ಊರುಗಳ ನೀರು ಪೂರೈಕೆ ನೋಡುವಾಗ, ಅವರ ವಿಷಯ ಗೊತ್ತಿಲ್ಲದೆ, ಅದೇ ಲೆಕ್ಕಕ್ಕೆ ಬಂದರು. ಸಮುದ್ರಮಟ್ಟಕ್ಕಿಂತ ಸಿಹಿನೀರು ಒಂದು ಅಡಿ ಮೇಲಿದ್ದರೆ, ಸಮುದ್ರಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ಕೇಳಲಿಕ್ಕೆ ಖುಷಿ ಅಲ್ವಾ? ಆದರೆ ಇದೇ ಲೆಕ್ಕ ಹಿಂದಕ್ಕೂ ನಡೆಯುತ್ತದೆ. ಪಂಪು ಓಡಿಸಿ ಬಾವಿಯ ಸುತ್ತ ನೀರು ಒಂದು ಅಡಿ ಇಳಿಯಿತು, ಹಾಗೇ ಉಳಿಯಿತು ಅಂದರೆ ಕೆಳಗಿನ ಉಪ್ಪುನೀರಿಗೆ 40 ಅಡಿ ಏರುವ ದಾರಿ ಸಿಕ್ಕಿತು. ನಿಜವಾದ ನೆಲದಲ್ಲಿ ಇಷ್ಟು ಸೀದಾ ಆಗುವುದಿಲ್ಲ. ಮಣ್ಣಿನ ಪದರಗಳು ಅಡ್ಡ ಬರುತ್ತವೆ, ಉಪ್ಪು ಏರಲಿಕ್ಕೆ ಸಮಯ ಬೇಕು, ನಡುವೆ ಎರಡೂ ಬೆರೆತ ಪಟ್ಟಿ ಇರುತ್ತದೆ. ಆದರೂ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ: ಬಾವಿ ಎಷ್ಟು ಆಳ ಇದೆ ಅನ್ನುವುದಕ್ಕಿಂತ ಅದರೊಳಗಿನ ನೀರು ಸಮುದ್ರಮಟ್ಟಕ್ಕಿಂತ ಎಷ್ಟು ಮೇಲಿದೆ ಅನ್ನುವುದು ಮುಖ್ಯ.

ಇನ್ನು ನಮ್ಮ ನೆಲ. ದಕ್ಷಿಣ ಕನ್ನಡ, ಉಡುಪಿ ಕಡೆ ಕಡಲಿನ ಬದಿಗೆ ಹೊಯ್ಗೆ (ಮರಳು), ಸ್ವಲ್ಪ ಒಳಗೆ ಬಂದರೆ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ಶೇಡಿ ಅನ್ನುವ ಜೇಡಿ ಮಣ್ಣು, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಮುರಕಲ್ಲಿನಲ್ಲಿ ತೂತುಗಳು ಜಾಸ್ತಿ, ನೀರು ಬೇಗ ಇಂಗುತ್ತದೆ, ಅಷ್ಟೇ ಬೇಗ ಹರಿದೂ ಹೋಗುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಿದ್ದು ಮುಗಿಯುತ್ತದೆ. ಆಗಸ್ಟಿನಲ್ಲಿ ಬಾವಿಯ ನೀರು ಕೈಗೆ ಸಿಗುತ್ತದೆ. ಅದೇ ಬಾವಿಯಲ್ಲಿ ಮೇ ತಿಂಗಳಲ್ಲಿ ಹಗ್ಗ ಸಾಲುವುದಿಲ್ಲ. ನಮ್ಮ ಕರಾವಳಿಯ ಉಪ್ಪಿನ ಕತೆ ಪೂರ್ತಿ ಈ ಏರಿಳಿತದ ಮೇಲೆ ನಿಂತಿದೆ.

ಈಗ ಬಾವಿ ಉಪ್ಪಾಗುವ ಸಂಭವವನ್ನು ಮೊದಲೇ ಹೇಳುವ ಆ ಲೆಕ್ಕಕ್ಕೆ ಬರೋಣ. ಅದರ ಹೆಸರು ಗಾಲ್ಡಿಟ್. ಗೋವಾ ವಿಶ್ವವಿದ್ಯಾಲಯದ ಚಚಡಿ ಮತ್ತು ಲಿಸ್ಬನ್‌ನ ಲೋಬೊ ಫೆರೇರಾ ಸೇರಿ 2001ರಲ್ಲಿ ಇದನ್ನು ರೂಪಿಸಿದರು, ಗೋವಾದ ಬಾರ್ದೇಸ್ ತಾಲೂಕಿನ ಕರಾವಳಿಗೆ ಹಾಕಿ ನೋಡಿದರು. ಈಗ ಬೇರೆ ಬೇರೆ ದೇಶಗಳಲ್ಲಿ ಬಳಸುತ್ತಾರೆ. ಸುರತ್ಕಲ್ಲಿನ ಎನ್‌ಐಟಿಕೆ ತಾಂತ್ರಿಕ ಸಂಸ್ಥೆಯ ಸಂಶೋಧಕರು ದಕ್ಷಿಣ ಕನ್ನಡದ ಕರಾವಳಿಗೂ ಇದನ್ನು ಅನ್ವಯಿಸಿದ್ದಾರೆ. ನಮ್ಮ ಪಕ್ಕದ ಗೋವಾದಲ್ಲಿ, ನಮ್ಮಂಥದ್ದೇ ಮುರಕಲ್ಲಿನ ನೆಲದಲ್ಲಿ ಹುಟ್ಟಿದ ಲೆಕ್ಕ ಅನ್ನುವುದು ನನಗೆ ಇದರ ಮೇಲೆ ಪ್ರೀತಿ ಬರಲಿಕ್ಕೆ ಒಂದು ಕಾರಣ.

ಇದರಲ್ಲಿ ಆರು ವಿಷಯ ನೋಡುತ್ತಾರೆ. ಪ್ರತಿಯೊಂದಕ್ಕೂ 2.5, 5, 7.5 ಅಥವಾ 10 ಅಂಕ. ಅಂಕ ಜಾಸ್ತಿ ಅಂದರೆ ಅಪಾಯ ಜಾಸ್ತಿ. ಆದರೆ ಆರಕ್ಕೂ ಒಂದೇ ತೂಕ ಇಲ್ಲ. ನೆಲದಡಿ ನೀರು ತುಂಬಿರುವ ಪದರ ಯಾವ ಬಗೆಯದು ಅನ್ನುವುದಕ್ಕೆ ತೂಕ 1. ಮೇಲೆ ತೆರೆದಿರುವ ಪದರಕ್ಕೆ 7.5 ಅಂಕ. ಗಟ್ಟಿ ಮಣ್ಣಿನ ಕೆಳಗೆ ಒತ್ತಡದಲ್ಲಿರುವ ಪದರಕ್ಕೆ 10, ಯಾಕೆಂದರೆ ಅಲ್ಲಿ ಪಂಪು ಹಾಕಿದರೆ ಒತ್ತಡ ಇಳಿಯುವುದು ತುಂಬಾ ದೂರದ ತನಕ ಹರಡುತ್ತದೆ. ನೆಲದೊಳಗೆ ನೀರು ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ ತೂಕ 3. ಸಮುದ್ರಮಟ್ಟಕ್ಕಿಂತ ನೀರು ಎಷ್ಟು ಎತ್ತರದಲ್ಲಿದೆ ಅನ್ನುವುದಕ್ಕೆ ತೂಕ 4. ದಡದಿಂದ ಎಷ್ಟು ದೂರ ಅನ್ನುವುದಕ್ಕೂ 4. ಈಗಾಗಲೇ ಉಪ್ಪು ಬಂದಿದೆಯಾ ಅನ್ನುವುದಕ್ಕೆ ಬರೀ 1. ಪದರ ಎಷ್ಟು ದಪ್ಪ ಅನ್ನುವುದಕ್ಕೆ 2. ದಪ್ಪ ಇದ್ದಷ್ಟೂ ಅಂಕ ಜಾಸ್ತಿ, ಅಂದರೆ ಉಪ್ಪುನೀರಿಗೆ ಅಡಿಯಲ್ಲಿ ಜಾಗ ಜಾಸ್ತಿ. ಅಂಕವನ್ನು ತೂಕದಿಂದ ಗುಣಿಸಿ, ಎಲ್ಲ ಕೂಡಿಸಿ, 15ರಿಂದ ಭಾಗಿಸಬೇಕು. 7.5 ದಾಟಿದರೆ ಅಪಾಯ ಹೆಚ್ಚು, 5ರಿಂದ 7.5ರ ತನಕ ಮಧ್ಯಮ, 5ರ ಕೆಳಗೆ ಕಡಿಮೆ. ಏಳನೇ ಕ್ಲಾಸಿನ ಗಣಿತ ಬಂದರೆ ಸಾಕು.

ತೂಕಗಳನ್ನು ಗಮನಿಸಿದಿರಾ? ಬಾಟಲಿಯಲ್ಲಿ ತಂದು ಪರೀಕ್ಷೆ ಮಾಡಿಸುವ ಉಪ್ಪಿಗೆ 15ರಲ್ಲಿ 1. ನೀರಿನ ಎತ್ತರ ಮತ್ತು ಉಪ್ಪುನೀರಿನಿಂದ ದೂರ, ಈ ಎರಡಕ್ಕೇ ಸೇರಿ 8. ಅರ್ಧಕ್ಕಿಂತ ಜಾಸ್ತಿ. ಹಾಗಾಗಿ ಈ ಎರಡನ್ನು ತಪ್ಪಾಗಿ ಅಳೆದರೆ, ಈ ಅಂಕಗಳಿಗೆ ಬಣ್ಣ ಕೊಟ್ಟು ಮಾಡುವ ಊರಿನ ಇಡೀ ನಕ್ಷೆ ತಪ್ಪುತ್ತದೆ. ನಮ್ಮ ಕಡೆ ಇವೆರಡನ್ನೇ ತಪ್ಪಾಗಿ ಅಳೆಯುವ ಸಾಧ್ಯತೆ ತುಂಬಾ ಇದೆ, ಅದನ್ನೇ ಒಂದು ಬಾವಿ ಇಟ್ಟುಕೊಂಡು ತೋರಿಸುತ್ತೇನೆ. ಇದು ಲೆಕ್ಕಕ್ಕಾಗಿ ನಾನು ಮಾಡಿಕೊಂಡ ಬಾವಿ, ಯಾರದ್ದೂ ಅಲ್ಲ.

ತೆರೆದ ಪದರ, 7.5. ನೀರು ದಿನಕ್ಕೆ 30 ಮೀಟರ್ ಹರಿಯಬಲ್ಲ ನೆಲ, ಅದಕ್ಕೆ 7.5, ತೂಕ 3, ಆಯಿತು 22.5. ಪದರ 15 ಮೀಟರ್ ದಪ್ಪ, ಅದಕ್ಕೆ 10, ತೂಕ 2, ಆಯಿತು 20. ಉಪ್ಪು ಇನ್ನೂ ಬಂದಿಲ್ಲ, 2.5. ಈ ನಾಲ್ಕು ಬದಲಾಗುವುದಿಲ್ಲ, ಒಟ್ಟು 52.5. ಈಗ ಸೆಪ್ಟೆಂಬರಿನಲ್ಲಿ ಹೋಗಿ ನೀರಿನ ಎತ್ತರ ಅಳೆದೆವು, ಸಮುದ್ರಮಟ್ಟಕ್ಕಿಂತ 3 ಮೀಟರ್ ಮೇಲಿದೆ. ಎರಡು ಮೀಟರ್ ದಾಟಿದರೆ ಅಂಕ 2.5, ತೂಕ 4, ಅಂದರೆ 10. ಕಡಲ ದಡ ಒಂದೂವರೆ ಕಿಲೋಮೀಟರ್ ದೂರ. ಒಂದು ಸಾವಿರ ಮೀಟರ್ ದಾಟಿದರೆ ಅಂಕ 2.5, ಅಂದರೆ ಮತ್ತೊಂದು 10. ಎಲ್ಲ ಸೇರಿ 72.5, ಹದಿನೈದರಿಂದ ಭಾಗಿಸಿದರೆ 4.83. ಅಪಾಯ ಕಡಿಮೆ! ನಕ್ಷೆಯಲ್ಲಿ ಹಸಿರು ಬಣ್ಣ.

ಅದೇ ಬಾವಿಗೆ ಮೇ ತಿಂಗಳ ಕೊನೆಗೆ ಹೋಗಿ. ನೀರು ಸಮುದ್ರಮಟ್ಟಕ್ಕಿಂತ 80 ಸೆಂಟಿಮೀಟರ್ ಮಾತ್ರ ಮೇಲಿದೆ. ಒಂದು ಮೀಟರಿಗಿಂತ ಕಡಿಮೆ ಅಂದರೆ ಅಂಕ 10, ತೂಕ ಸೇರಿ 40. ಈಗ 6.83, ಮಧ್ಯಮ. ಇನ್ನೂ ಒಂದು ಹೆಜ್ಜೆ. ಬಾವಿಯ ಹಿಂದೆ 200 ಮೀಟರ್ ದೂರದಲ್ಲಿ ಹೊಳೆ ಇದೆ, ಬೇಸಿಗೆಯಲ್ಲಿ ಆ ಹೊಳೆಗೆ ಭರತದ (ಕಡಲು ಉಬ್ಬುವ) ಹೊತ್ತು ಉಪ್ಪುನೀರು ಬರುತ್ತದೆ. ದೂರವನ್ನು ಕಡಲಿನಿಂದ ಅಳೆಯದೆ ಹೊಳೆಯಿಂದ ಅಳೆಯಿರಿ. 500 ಮೀಟರಿಗಿಂತ ಹತ್ತಿರ, ಅಂಕ 10, ಮತ್ತೆ 40. ಈಗ ಎಷ್ಟಾಯಿತು? 8.83. ಕೆಂಪು ಬಣ್ಣ.

ಬಾವಿ ಅದೇ, ಮನೆ ಅದೇ, ಕುಡಿಯುವ ಜನರೂ ಅವರೇ. ಅಳೆದ ತಿಂಗಳು ಮತ್ತು ಟೇಪ್ ಹಿಡಿದ ಜಾಗ ಬದಲಾಯಿತು, ಹಸಿರು ಹೋಗಿ ಕೆಂಪಾಯಿತು. ಹಾಗಾಗಿ ಯಾರಾದರೂ ನಿಮ್ಮ ಊರಿನ ನಕ್ಷೆ ತಂದು ತೋರಿಸಿದರೆ ಎರಡು ಪ್ರಶ್ನೆ ಕೇಳಲೇಬೇಕು. ಯಾವ ತಿಂಗಳಲ್ಲಿ ಅಳೆದಿರಿ? ದೂರವನ್ನು ಎಲ್ಲಿಂದ ಅಳೆದಿರಿ?

ಹೊಳೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಹೊಳೆಗಳ ಕರಾವಳಿ. ನೇತ್ರಾವತಿ, ಗುರುಪುರ, ಶಾಂಭವಿ, ಸ್ವರ್ಣಾ, ಸೀತಾ, ಗಂಗೊಳ್ಳಿಯಲ್ಲಿ ಕಡಲು ಸೇರುವ ಹೊಳೆಗಳು, ಶರಾವತಿ, ಅಘನಾಶಿನಿ, ಕಾಳಿ. ಡಿಸೆಂಬರ್ ಕಳೆದ ಮೇಲೆ ಮೇಲಿನಿಂದ ಬರುವ ನೀರು ಕಡಿಮೆ ಆಗುತ್ತದೆ, ಹೊಳೆ ಕಡಲು ಸೇರುವ ಅಳಿವೆಯಿಂದ ಉಪ್ಪುನೀರು ಹೊಳೆಯ ತಳ ಹಿಡಿದು ಮೇಲೆ ಬರುತ್ತದೆ, ಭಾರ ಅಲ್ವಾ, ತಳದಲ್ಲೇ ಬರುತ್ತದೆ. ಮೇಲೆ ನೋಡಿದರೆ ಗೊತ್ತೇ ಆಗುವುದಿಲ್ಲ. ಹೊಳೆಯ ಎರಡೂ ಬದಿಯ ಬಾವಿಗಳಿಗೆ ಆ ಹೊಳೆಯೇ ಸಮುದ್ರ. ಕುದ್ರುಗಳಲ್ಲಿ, ಅಂದರೆ ಹೊಳೆಯ ನಡುಗಡ್ಡೆಗಳಲ್ಲಿ, ಇರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸುತ್ತ ಉಪ್ಪುನೀರು, ನಡುವೆ ಮಳೆಗಾಲದಲ್ಲಿ ಇಂಗಿದ ಒಂದು ತೆಳು ಸಿಹಿನೀರಿನ ಪದರ, ಅದೇ ವರ್ಷ ಪೂರ್ತಿ ಬರಬೇಕು. ಇಂಥ ಕಡೆ ಹೊಳೆಯ ತಳದಿಂದ ಹೊಯ್ಗೆ ತೆಗೆದು ತೆಗೆದು ಗುಂಡಿ ಮಾಡಿದರೆ ಉಪ್ಪುನೀರು ಇನ್ನಷ್ಟು ಒಳಗೆ ಬರುತ್ತದೆ, ಬದಿಯ ಬಾವಿಗಳ ನೀರೂ ಹೊಳೆಯ ಕಡೆಗೆ ಇಳಿಯುತ್ತದೆ. ಎತ್ತರ, ದೂರ ಎರಡೂ ಒಟ್ಟಿಗೆ ಕೆಡುತ್ತವೆ. ಮರಳುಗಾರಿಕೆ ಬಗ್ಗೆ ಮಾತಾಡುವಾಗ ಲಾರಿ, ರಸ್ತೆ, ಗಲಾಟೆಗಳ ಬಗ್ಗೆಯೇ ಮಾತು ಜಾಸ್ತಿ ಆಗುತ್ತದೆ. ಬಾವಿಯ ವಿಷಯ ಎತ್ತುವವರು ಕಡಿಮೆ. ದಯವಿಟ್ಟು ಗ್ರಾಮಸಭೆಯಲ್ಲಿ ಎತ್ತಿ.

ಎತ್ತರ ಅಳೆಯುವುದರಲ್ಲಿ ಇನ್ನೊಂದು ದೊಡ್ಡ ಸಮಸ್ಯೆ ಇದೆ. ಅಂಕಗಳ ಗಡಿ ಇರುವುದು 1 ಮೀಟರ್, 1.5 ಮೀಟರ್, 2 ಮೀಟರಿಗೆ. ಅಂದರೆ ಅರ್ಧ ಮೀಟರ್ ತಪ್ಪಾದರೆ ಅಂಕ ಬದಲಾಗುತ್ತದೆ. ನಿಮ್ಮ ಮೊಬೈಲ್ ತೋರಿಸುವ ಎತ್ತರದಲ್ಲಿ ಹಲವು ಮೀಟರ್ ತಪ್ಪಿರಬಹುದು. ಪುಕ್ಕಟೆ ಸಿಗುವ ಉಪಗ್ರಹದ ಎತ್ತರದ ನಕ್ಷೆಗಳಲ್ಲೂ ಹಾಗೇ, ತೆಂಗಿನ ತೋಟ ಇದ್ದರಂತೂ ಮರದ ತಲೆಯನ್ನೂ ನೆಲದ ಜೊತೆ ಸೇರಿಸಿ ಅಳೆದಿರುತ್ತವೆ. ಇದನ್ನು ಇಟ್ಟುಕೊಂಡು ಮಾಡಿದ ನಕ್ಷೆ ಎಷ್ಟೇ ಚೆಂದ ಕಂಡರೂ ನಾನು ನಂಬುವುದಿಲ್ಲ. ಮೇಸ್ತ್ರಿಗಳ ಹತ್ತಿರ ಲೆವೆಲ್ ಪೈಪ್ ಇರುತ್ತದಲ್ಲ, ನೀರು ತುಂಬಿಸಿದ ಪಾರದರ್ಶಕ ಪೈಪ್, ಈ ಕೆಲಸಕ್ಕೆ ಅದೇ ವಾಸಿ. ಹತ್ತಿರದ ದಕ್ಕೆಯ (ದೋಣಿ ನಿಲ್ಲುವ ಕಟ್ಟೆಯ) ಕಂಬದಲ್ಲಿ ಕೆಲವು ದಿನ ಭರತದ ಗುರುತು, ಇಳಿತದ ಗುರುತು ಹಾಕಿ, ಸರಾಸರಿ ಮಟ್ಟ ಹಿಡಿದು, ಅಲ್ಲಿಂದ ಹಂತ ಹಂತವಾಗಿ ಬಾವಿಕಟ್ಟೆಯ ತನಕ ಲೆವೆಲ್ ತರಬೇಕು. ಸರ್ವೆಯವರ ಗುರುತುಕಲ್ಲು ಹತ್ತಿರದಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಬಾವಿಕಟ್ಟೆಯ ಎತ್ತರ ಒಮ್ಮೆ ಗೊತ್ತಾದರೆ ಮುಗಿಯಿತು. ಆಮೇಲೆ ಪ್ರತಿ ತಿಂಗಳು ಟೇಪ್ ಇಳಿಸಿ ಕಳೆಯುವ ಲೆಕ್ಕ ಅಷ್ಟೇ. ಬೆಳಿಗ್ಗೆ ಯಾರೂ ಪಂಪು ಹಾಕುವ ಮೊದಲು ಅಳೆಯಿರಿ.

ಒಬ್ಬರು ಮೇಷ್ಟ್ರು ಕೇಳಿದರು, ಈಗಾಗಲೇ ಉಪ್ಪು ಬಂದಿದೆಯಾ ಅನ್ನುವುದನ್ನು ಹೇಗೆ ತೀರ್ಮಾನಿಸುತ್ತಾರೆ ಅಂತ. ಕ್ಲೋರೈಡನ್ನು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಮತ್ತು ಕಾರ್ಬೊನೇಟುಗಳ ಮೊತ್ತದಿಂದ ಭಾಗಿಸುತ್ತಾರೆ. 1ಕ್ಕಿಂತ ಕಡಿಮೆ ಇದ್ದರೆ ಕ್ಷೇಮ, 2 ದಾಟಿದರೆ ಪೂರ್ತಿ 10 ಅಂಕ. ಭಾಗಿಸುವ ಮೊದಲು ಮಿಲಿಗ್ರಾಂಗಳನ್ನು ರಾಸಾಯನಿಕ ಸಮಾನ ತೂಕಕ್ಕೆ ಬದಲಾಯಿಸಿಕೊಳ್ಳಬೇಕು. ಕ್ಲೋರೈಡಿಗೆ 35.5ರಿಂದ, ಬೈಕಾರ್ಬೊನೇಟಿಗೆ 61ರಿಂದ ಭಾಗಿಸಿದರೆ ಆಯಿತು. ಇಲ್ಲಿ ನಮ್ಮ ನೆಲದ್ದೇ ಒಂದು ತೊಡಕಿದೆ. ಮುರಕಲ್ಲಿನ ನೀರು ತುಂಬಾ ಮೆದು, ಸ್ವಲ್ಪ ಹುಳಿಗುಣದ್ದು, ಅದರಲ್ಲಿ ಬೈಕಾರ್ಬೊನೇಟೇ ಕಡಿಮೆ. ಒಂದು ಬಾವಿಯಲ್ಲಿ ಕ್ಲೋರೈಡ್ 15, ಬೈಕಾರ್ಬೊನೇಟ್ 20 ಮಿಲಿಗ್ರಾಂ ಇದೆ ಅಂದುಕೊಳ್ಳಿ. ಮಳೆನೀರಿನಷ್ಟೇ ಸ್ವಚ್ಛ. ಆದರೆ ಲೆಕ್ಕ ಹಾಕಿದರೆ ಸುಮಾರು 1.3 ಬರುತ್ತದೆ, ಉಪ್ಪು ಬಂದಿದೆ ಅಂತ ಸುಳ್ಳು ಸುದ್ದಿ. ಸುಣ್ಣದ ಕಲ್ಲಿನ ನೆಲದಲ್ಲಿ ಇದು ಸರಿಯಾಗಿ ಕೆಲಸ ಮಾಡುತ್ತದೆ, ನಮ್ಮಲ್ಲಿ ಇದರ ಜೊತೆಗೆ ಕ್ಲೋರೈಡ್ ಎಷ್ಟಿದೆ ಅಂತಲೂ ನೋಡಲೇಬೇಕು. ಪರೀಕ್ಷೆಗೆ ನೀರು ತೆಗೆಯುವಾಗ ಮೇಲಿನ ನೀರು ಮಾತ್ರ ತೆಗೆಯಬೇಡಿ. ಬಾಟಲಿಯ ಬಾಯಿಗೆ ಬಿರಡೆ ಹಾಕಿ ಬಿರಡೆಗೆ ದಾರ ಕಟ್ಟಿ, ಬಾಟಲಿಗೆ ಕಲ್ಲು ಕಟ್ಟಿ ತಳಕ್ಕೂ ಇಳಿಸಿ, ತಳ ಮುಟ್ಟಿದ ಮೇಲೆ ದಾರ ಎಳೆದು ಬಿರಡೆ ತೆಗೆಯಿರಿ. ಎರಡರ ವ್ಯತ್ಯಾಸ ನೋಡಿ. ಪಕ್ಕದಲ್ಲಿ ಸಿಗಡಿ ಕೆರೆ ಇದ್ದರೆ ಉಪ್ಪು ಅಲ್ಲಿಂದಲೂ ಇಂಗಬಹುದು. ಅದು ಗಾಲ್ಡಿಟ್ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ, ನೀವೇ ಬರೆದಿಡಬೇಕು.

ಮುಂದಿನ ಸಾಲಿನಲ್ಲಿದ್ದ ಅಕ್ಕ ಒಬ್ಬರ ಪ್ರಶ್ನೆ ನೇರವಾಗಿತ್ತು. "ನಮ್ಮದು ಹೊಳೆಬದಿ, ಏಪ್ರಿಲಿನಲ್ಲಿ ಬಾವಿ ಬತ್ತುತ್ತದೆ ಸಾರ್. ಇನ್ನೆರಡು ರಿಂಗ್ ಇಳಿಸುವುದಾ, ಬೋರ್ ಹಾಕಿಸುವುದಾ?" ಅಕ್ಕ, ಹೊಳೆಬದಿ ಅಂದಿರಲ್ಲ, ಎರಡೂ ಬೇಡ ಅಂತ ನಾನು ಹೇಳುತ್ತೇನೆ. ಕೆಳಗೆ ಹೋದಷ್ಟೂ ಉಪ್ಪಿನ ಹತ್ತಿರ ಹೋಗುತ್ತೀರಿ. ದೊಡ್ಡ ಪಂಪಿನಲ್ಲಿ ಎರಡು ಗಂಟೆ ಎಳೆಯುವ ಬದಲು ಚಿಕ್ಕ ಪಂಪಿನಲ್ಲಿ ನಿಧಾನವಾಗಿ, ನಡುನಡುವೆ ಬಿಟ್ಟು ಬಿಟ್ಟು ಟ್ಯಾಂಕಿಗೆ ತುಂಬಿಸಿ. ಫುಟ್‌ವಾಲ್ವ್ (ಪಂಪಿನ ಪೈಪಿನ ಕೆಳತುದಿ) ತಳಕ್ಕೆ ಮುಟ್ಟಿಸಬೇಡಿ, ಮೇಲಿನ ನೀರಿನಲ್ಲಿ ಇರಲಿ. ನೆರೆಯ ನಾಲ್ಕು ಮನೆಯವರು ಒಂದೇ ಹೊತ್ತಿಗೆ ಪಂಪು ಹಾಕುವುದನ್ನು ತಪ್ಪಿಸಿದರೂ ವ್ಯತ್ಯಾಸ ಇದೆ. ಇನ್ನು ಕಡಲ ಬದಿಯ ದೊಡ್ಡ ಕಟ್ಟಡಗಳು ನೆಲದ ನೀರು ಎತ್ತಬಹುದಾ ಅಂತ ಕೇಳಿದಿರಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲೇ ಭರತದ ಗೆರೆಯಿಂದ 200 ಮೀಟರ್ ಒಳಗೆ ಅಂತರ್ಜಲ ಎತ್ತುವುದಕ್ಕೆ ತಡೆ ಇದೆ, ಸ್ಥಳೀಯರು ತಮ್ಮ ಬಳಕೆಗೆ ತೆಗೆಯುವುದಕ್ಕೆ ಮಾತ್ರ ವಿನಾಯಿತಿ. ಪಂಚಾಯಿತಿಯವರು ಇದನ್ನು ಓದಿ ಇಟ್ಟುಕೊಳ್ಳಬೇಕು.

ಲೆಕ್ಕ ಇಲ್ಲದೆ ಎತ್ತಿದರೆ ಏನಾಗುತ್ತದೆ ಅನ್ನುವುದಕ್ಕೆ ಚೆನ್ನೈ ಉತ್ತರದ ಮಿಂಜೂರು ಇದೆ. ನಗರಕ್ಕೆ, ಕಾರ್ಖಾನೆಗಳಿಗೆ, ಗದ್ದೆಗೆ ಅಂತ ಕೊಳವೆಬಾವಿಗಳಿಂದ ಎತ್ತುತ್ತಾ ಹೋದರು. 1969ರ ಸುಮಾರಿಗೆ ಉಪ್ಪುನೀರು ಮೂರು ಕಿಲೋಮೀಟರ್ ಒಳಗೆ ಬಂದಿತ್ತು, ಮುಂದಿನ ಎರಡು ದಶಕದಲ್ಲಿ ಅದು ಎರಡು ಪಟ್ಟಿಗಿಂತ ಜಾಸ್ತಿ ದೂರ ಬಂತು. ಅದೇ ಕಡೆಯಲ್ಲಿ 2010ರಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ ಶುರುವಾಯಿತು, ದಿನಕ್ಕೆ 10 ಕೋಟಿ ಲೀಟರ್. ನಮ್ಮ ಅದೃಷ್ಟ ಅಂದರೆ ನಮಗೆ ಪ್ರತಿ ಜೂನ್‌ನಲ್ಲಿ ಉಪ್ಪನ್ನು ತೊಳೆಯುವಷ್ಟು ಮಳೆ ಬರುತ್ತದೆ. ಹೆಚ್ಚಿನ ಕಡೆ ನಮ್ಮ ಉಪ್ಪು ಫೆಬ್ರವರಿಯಿಂದ ಮೇ ತನಕದ್ದು. ಇದನ್ನು ಕಂಡು ಜನ "ಮಳೆ ಬಂದರೆ ಸರಿಹೋಗುತ್ತದೆ" ಅಂತ ಬಿಟ್ಟುಬಿಡುತ್ತಾರೆ. 2016ರ ಬೇಸಿಗೆ ನೆನಪಿದೆಯಲ್ಲ? ತುಂಬೆ ಅಣೆಕಟ್ಟಿನಲ್ಲಿ ನೀರಿಲ್ಲದೆ ಮಂಗಳೂರು ಪರದಾಡಿತು. ಅಂಥ ವರ್ಷ ಎಲ್ಲರೂ ಬಾವಿಗೇ ಬೀಳುತ್ತಾರೆ, ಬಾವಿಯ ನೀರು ಅತಿ ಕೆಳಗಿರುವ ತಿಂಗಳಲ್ಲೇ ಅತಿ ಜಾಸ್ತಿ ಎತ್ತುತ್ತಾರೆ.

ಮಾಡಬೇಕಾದ್ದು ಏನು ಅಂದರೆ, ಎತ್ತರ ಮತ್ತು ದೂರ ಈ ಎರಡು ಅಂಕ ಇಳಿಸುವ ಕೆಲಸ. ಕಿಂಡಿ ಅಣೆಕಟ್ಟು ಎರಡನ್ನೂ ಮಾಡುತ್ತದೆ. ಅದರ ಕಿಂಡಿಗಳಿಗೆ ಹಲಗೆ ಹಾಕಿದರೆ ಮೇಲೆ ಸಿಹಿನೀರು ನಿಂತು ಬಾವಿಗಳ ಮಟ್ಟ ಏರುತ್ತದೆ, ಉಪ್ಪುನೀರು ಅಣೆಕಟ್ಟಿನ ಕೆಳಗೇ ನಿಲ್ಲುತ್ತದೆ, ಅಂದರೆ ಮೇಲಿನ ಬಾವಿಗಳಿಗೆ ಉಪ್ಪು ದೂರ ಆಯಿತು. ಆದರೆ ಹಲಗೆಯನ್ನು ಹೊಳೆಯಲ್ಲಿ ಸಿಹಿನೀರು ಹರಿಯುತ್ತಿರುವಾಗಲೇ ಹಾಕಬೇಕು. ಉಪ್ಪು ದಾಟಿ ಮೇಲೆ ಹೋದ ಮೇಲೆ ಹಾಕಿದರೆ ಉಪ್ಪನ್ನೇ ಕಟ್ಟಿ ನಿಲ್ಲಿಸಿದಂತಾಗುತ್ತದೆ. ಟೆಂಡರು, ಬಿಲ್ಲು ಅಂತ ಜನವರಿ ತನಕ ಎಳೆಯುವುದನ್ನು ಬಿಡಬೇಕು. ಅಣೆಕಟ್ಟಿನ ಕೆಳಗಿರುವವರ ಪಾಡನ್ನೂ ನೋಡಬೇಕು, ಅವರಿಗೆ ಮೇಲಿನ ಸಿಹಿನೀರು ಬರುವುದು ನಿಂತು ಉಪ್ಪು ಇನ್ನೂ ಜಾಸ್ತಿ ಆಗುತ್ತದೆ. ಆ ಮನೆಗಳಿಗೆ ನಳ್ಳಿ ನೀರು ಮೊದಲು ಕೊಡಿ. ತೋಡುಗಳಿಗೆ ಹಿಂದಿನವರು ಹಾಕುತ್ತಿದ್ದ ಕಟ್ಟ, ಗುಡ್ಡದ ಮೇಲೆ ಮಳೆನೀರು ನಿಲ್ಲಿಸುವ ಮದಕ, ಇವೆಲ್ಲ ನೀರಿನ ಎತ್ತರ ಕಾಯುವ ಕೆಲಸವೇ. ಗದ್ದೆಯನ್ನು ಬೇಸಾಯ ಮಾಡದೆ ಹಡಿಲು ಬಿಟ್ಟರೆ ಮಳೆಗಾಲದಲ್ಲಿ ನಿಂತು ಇಂಗುವ ನೀರೂ ಕಡಿಮೆ.

ಸಮುದ್ರಮಟ್ಟ ಏರುವುದರ ಬಗ್ಗೆ ಒಬ್ಬ ಹುಡುಗ ಕೇಳಿದ. 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ, ಈಚೆಗೆ ವೇಗ ಜಾಸ್ತಿಯಾಗಿದೆ. ಗೋವಾದಲ್ಲಿ ಅರ್ಧ ಮೀಟರ್ ಏರಿದರೆ ಏನಾಗುತ್ತದೆ ಅಂತ ಇದೇ ಲೆಕ್ಕದಲ್ಲಿ ನೋಡಿದ್ದರು. ನೀನೂ ನೋಡಬಹುದು. ಮೇ ತಿಂಗಳಲ್ಲಿ 1.3 ಮೀಟರ್ ಎತ್ತರ ಇರುವ ಬಾವಿಯನ್ನು ತಗೋ, ಅರ್ಧ ಮೀಟರ್ ಕಳೆ, 0.8 ಉಳಿಯಿತು. ಅಂಕ 7.5ರಿಂದ 10ಕ್ಕೆ ಹೋಯಿತು. ಭರತದ ನೀರು ಹೊಳೆಯಲ್ಲಿ ಇನ್ನಷ್ಟು ಮೇಲೆ ಬರುವುದು ಇದರ ಜೊತೆಗೆ ಬೇರೆ.

ನಾಳೆಯಿಂದ ಶುರು ಮಾಡುವುದಾದರೆ ಹೀಗೆ ಮಾಡಿ. ಪ್ರತಿ ವಾರ್ಡಿನಲ್ಲಿ ನಾಲ್ಕೈದು ತೆರೆದ ಬಾವಿ ಆರಿಸಿ, ಹೊಳೆಬದಿಯದ್ದು, ಕಡಲಬದಿಯದ್ದು, ಗುಡ್ಡದ ಬುಡದ್ದು ಎಲ್ಲ ಇರಲಿ. ಕಟ್ಟೆಯ ಮೇಲೆ ಪೇಂಟಿನಲ್ಲಿ ಒಂದು ಗೆರೆ ಹಾಕಿ, ಯಾವಾಗಲೂ ಅಲ್ಲಿಂದಲೇ ಅಳೆಯಿರಿ. ಶಾಲೆಯ ಮಕ್ಕಳಿಗೆ ಈ ಕೆಲಸ ಕೊಡಿ, ಜೊತೆಗೆ ದೊಡ್ಡವರೊಬ್ಬರು ಇರಲಿ. ತಿಂಗಳಿಗೆ ಒಂದು ಸಲ ಸಾಕು, ಏಪ್ರಿಲ್ ಮತ್ತು ಮೇನಲ್ಲಿ ಮಾತ್ರ ವಾರಕ್ಕೊಮ್ಮೆ, ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತದ ದಿನ ತಪ್ಪಿಸದೆ. ನೀರಿನ ಮಟ್ಟ, ಮೇಲಿನ ನೀರಿನ ಮತ್ತು ತಳದ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ), ಹತ್ತಿರದ ಹೊಳೆಯಲ್ಲಿ ಆ ದಿನ ಉಪ್ಪು ಎಲ್ಲಿಯ ತನಕ ಬಂದಿದೆ, ಇಷ್ಟನ್ನು ಪುಸ್ತಕದಲ್ಲಿ ಬರೆಯಿರಿ. ಮುಂದಿನ ವರ್ಷ ಕುಡಿಯುವ ನೀರಿನ ಹೊಸ ಬಾವಿ ಎಲ್ಲಿ ತೋಡಬೇಕು ಅಂತ ಪಂಚಾಯಿತಿಯಲ್ಲಿ ಚರ್ಚೆ ಬಂದಾಗ ಆ ಪುಸ್ತಕ ಮೇಜಿನ ಮೇಲೆ ಇಡಿ. ಈಗ ಆ ಬಾಟಲಿಗಳನ್ನು ಒಂದೊಂದಾಗಿ ಕೊಡಿ, ನೋಡೋಣ. ಯಾವ ಬಾವಿ, ಹೊಳೆಯಿಂದ ಎಷ್ಟು ದೂರ ಅಂತ ಚೀಟಿ ಅಂಟಿಸಿ.